ಯಮನೂರಪ್ಪ ತೊಳೆದ ಮೆಟ್ಟಿಲು

ಯಮನೂರಪ್ಪನ ಮುತ್ತಜ್ಜ ದುರುಗಪ್ಪ ಗಜೇಂದ್ರಗಡದ ಗುಡ್ಡದ ಕೆಳಗೆ ಬಾವಿ ತೋಡಿದವನು. ಅದರ ಗೋಡೆಯನ್ನು ಸುಣ್ಣವಿಲ್ಲದೆ, ಗಾರೆಯಿಲ್ಲದೆ, ಬರೀ ಕಲ್ಲಿಗೆ ಕಲ್ಲು ಕೂಡಿಸಿ ಮೇಲಕ್ಕೆತ್ತಿದವನು. ಅಜ್ಜ ಮರಿಯಪ್ಪ ರೈಲು ಸೇತುವೆಯ ಕಂಬಕ್ಕೆ ಕಲ್ಲು ಕಡಿದ. ಅಪ್ಪ ಹನುಮಪ್ಪ ಮಲಪ್ರಭೆಯ ಆಣೆಕಟ್ಟಿಗೆ ಬಂಡೆ ಒಡೆಯುವಾಗ ಚೂರು ಹಾರಿ ಒಂದು ಕಣ್ಣು ಕಳೆದುಕೊಂಡ. ಉಳಿದ ಒಂದೇ ಕಣ್ಣಿನಲ್ಲಿ ಕಲ್ಲಿನ ಸೀಳು ಹುಡುಕುತ್ತ ಇನ್ನೂ ಇಪ್ಪತ್ತು ವರ್ಷ ದುಡಿದ. ಇಂಥ ಮನೆತನದಲ್ಲಿ ಹುಟ್ಟಿದ ಯಮನೂರಪ್ಪ ಏನು ಮಾಡಿದ ಎಂದು ಕೇಳಿದರೆ ಅವನೇ ಹೇಳುತ್ತಾನೆ: “ಅವರು ಕಟ್ಟಿದ್ರು. ನಾ ತೊಳದೆ.”

ಅವನು ಗೋವಾಕ್ಕೆ ಬಂದು ಮೂವತ್ತೆರಡು ವರ್ಷವಾಯಿತು. ಕೊರ್ಲಿಮ್‌ ಕಾರ್ಖಾನೆಗಳ ಕಾಂಪೌಂಡ್ ಗೋಡೆಗಳಲ್ಲಿ ಅರ್ಧ ತನ್ನ ಕೈಯವೇ ಎನ್ನುತ್ತಾನೆ. ಹೆಂಡತಿ ಹುಲಿಗೆಮ್ಮ ಅದನ್ನು ಕಾಲು ಭಾಗಕ್ಕೆ ಇಳಿಸುತ್ತಾಳೆ. ಅವನು ಶಾಲೆಯ ಮೆಟ್ಟಿಲು ಹತ್ತಿದ್ದು ಅದನ್ನು ಕಟ್ಟಲಿಕ್ಕೆ ಮಾತ್ರ. ಓದು ಕಲಿತದ್ದು ಸಿಮೆಂಟ್ ಚೀಲಗಳ ಮೇಲಿನ ಅಕ್ಷರ ನೋಡಿ. ಹೀಗಾಗಿ ಅಂಕಿ ಬರುತ್ತದೆ, ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತದೆ, ತನಗೆ ತಿಳಿಯದ್ದು ಕಡಿಮೆ ಎಂಬ ಧೈರ್ಯವಂತೂ ಬೇಡವೆಂದರೂ ಬರುತ್ತದೆ.

ಕಳೆದ ಚಳಿಗಾಲದಲ್ಲಿ ಈ ಧೈರ್ಯವನ್ನು ಹೊತ್ತುಕೊಂಡು ಅವನು ಮಾಂಡೋವಿ ನದಿಯ ದಂಡೆಗೆ ಹೋದ. ಅಲ್ಲಿ ನದಿಯ ಹಳೆಯ ಕಾಲವನ್ನು ಹುಡುಕುವ ಸಂಶೋಧಕರ ತಂಡ ಬಂದಿತ್ತು. ಕೆಸರಿಗೆ ಉದ್ದನೆಯ ಕೊಳವೆ ಇಳಿಸಿ ಪದರ ಪದರವಾಗಿ ಮಣ್ಣು ಎತ್ತುವುದು, ಹಿಂದೆ ನೀರು ಎಲ್ಲಿಯವರೆಗೆ ಏರುತ್ತಿತ್ತು, ಹಡಗು ಎಲ್ಲಿ ನಿಲ್ಲುತ್ತಿತ್ತು ಎಂದು ತಿಳಿಯುವುದು ಅವರ ಕೆಲಸ. ತಂಡದ ಗೀತಾಂಜಲಿ ಧಾರವಾಡದವಳು. ಮೂರು ವರ್ಷದಿಂದ ಇದನ್ನೇ ಹಿಡಿದು ಕೂತವಳು. ಕೊಳವೆ ಹೊರಲು, ಪೊದೆ ಕಡಿಯಲು ಯಮನೂರಪ್ಪನನ್ನು ಗೊತ್ತುಮಾಡಿಕೊಂಡಿದ್ದಳು.

ದಂಡೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಿಂದೆ, ಹಿಂದೆಂದೋ ದೋಣಿ ನಿಲ್ಲುತ್ತಿದ್ದ, ಊರವರೂ ಮರೆತಿದ್ದ ಒಂದು ಧಕ್ಕೆ ಸಿಕ್ಕಿತು. ಕೆಂಪು ಚಿರೆಕಲ್ಲಿನ ಏಳು ಮೆಟ್ಟಿಲು. ಒಂದು ಸಂಜೆ ಗೀತಾಂಜಲಿ ಹೇಳಿದಳು: “ಕಾಕಾ, ನಾಳೆ ಹನ್ನೊಂದಕ್ಕ ದೊಡ್ಡ ಸರ್ ಬರ್ತಾರ. ಮೆಟ್ಟಿಲ ಮ್ಯಾಲಿನ ಗಿಡಗಂಟಿ ತೆಗೆದು ಸ್ವಚ್ಛ ಮಾಡಿ ಇಡ್ರಿ.” ಹೇಳಿ ಪಣಜಿಗೆ ಹೋದಳು.

ಗಿಡಗಂಟಿ ತೆಗೆಯಲು ಅರ್ಧ ತಾಸು ಸಾಕಾಯಿತು. ಆಮೇಲೆ ಯಮನೂರಪ್ಪನ ಕಣ್ಣು ಕಲ್ಲಿಗೆ ಬಿತ್ತು. ಮೇಲಿನ ಮೆಟ್ಟಿಲುಗಳ ಮೈತುಂಬ ಒಣಗಿದ ಚಿಪ್ಪು ಕಚ್ಚಿಕೊಂಡಿತ್ತು. ದೊಡ್ಡವರು ಬರುವ ಜಾಗದಲ್ಲಿ ಕಲ್ಲಿನ ಮೈಮೇಲೆ ಹೊಲಸಿದ್ದರೆ ಅವನ ಮನೆತನದಲ್ಲಿ ಅದು ಕಲ್ಲಿಗಲ್ಲ, ಕಲ್ಲುಕುಟಿಗನಿಗೆ ಅವಮಾನ. ಚಾಣ ತಂದ, ತಂತಿ ಬ್ರಶ್ ತಂದ. ಕೆರೆದ, ಉಜ್ಜಿದ, ನೀರು ಹಾಕಿದ. ಕತ್ತಲಾಗುವಷ್ಟರಲ್ಲಿ ಮೆಟ್ಟಿಲು ಹೊಸ ಮದುವಣಗಿತ್ತಿಯಂತೆ ಕೆಂಪಗೆ ನಿಂತಿತ್ತು.

“ಮನ್ಯಾಗ ಒಂದು ತಾಟು ತೊಳದಾಂವ ಅಲ್ಲ,” ಎಂದಳು ಹುಲಿಗೆಮ್ಮ, ಅವನ ಬೊಬ್ಬೆ ಎದ್ದ ಕೈಗೆ ಎಣ್ಣೆ ಹಚ್ಚುತ್ತ. “ಮಂದಿ ಮೆಟ್ಟಲಾ ತೊಳದು ಬಂದಾನ.”

“ನಿನಗ ಕಲ್ಲಿನ ಮರ್ಯಾದಿ ಏನು ತಿಳೀತೈತಿ?” ಎಂದು ಅವನು ಊಟಕ್ಕೆ ಕೂತ.

ಬೆಳಿಗ್ಗೆ ಎಂಟಕ್ಕೆ ಗೀತಾಂಜಲಿ ಬಂದಳು. ಮೆಟ್ಟಿಲು ನೋಡಿದಳು. ಬಗ್ಗಿ ಕಲ್ಲಿನ ಮೇಲೆ ಬೆರಳಾಡಿಸಿದಳು. ಕೆಲಸ ಮೆಚ್ಚಿ ಮುಟ್ಟಿ ನೋಡುತ್ತಿದ್ದಾಳೆಂದು ಯಮನೂರಪ್ಪ ತಿಳಿದ.

“ಕಾಕಾ, ಇಲ್ಲಿ ಚಿಪ್ಪು ಇದ್ದವಲ್ರಿ?”

“ಇದ್ದೂರಿ ಬಾಯಾರ. ಭಾಳ ಗಟ್ಟಿ ಹಿಡದಿದ್ದೂ. ಒಂದೂ ಬಿಟ್ಟಿಲ್ಲ, ನದಿಗೆ ಒಗದೇನಿ.”

“ಚಿಪ್ಪಿನ ಬಾಜೂಕ ಬರದಿದ್ದ ಸೀಮೆಸುಣ್ಣದ ಅಂಕಿ?”

“ಒಂದರಿಂದ ಹದಿನಾಲ್ಕು. ಓದಿದೆ. ಯಾವ್ದೋ ಕಾಲೇಜಿನವರು ಗೀಚಿ ಹೋಗಿದ್ರು, ಅದನ್ನೂ ತೊಳದೆ.”

“ಅದನ್ನ ಬರದಾಕಿ ನಾನ ರೀ, ಕಾಕಾ.”

ಅವಳು ಕೂಗಾಡಿದ್ದರೆ ಅವನೂ ಕೂಗಾಡಿ ಮುಗಿಸುತ್ತಿದ್ದ. ಅವಳು ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಹೇಳಿದಳು. ನೀರು ತಾಗದ ಜಾಗದಲ್ಲಿ ಆ ಚಿಪ್ಪು ಬೆಳೆಯುವುದಿಲ್ಲ. ಈಗ ನೀರು ಮುಟ್ಟದ ಎತ್ತರದಲ್ಲಿ ಅದು ಇತ್ತೆಂದರೆ ಒಂದು ಕಾಲದಲ್ಲಿ ನದಿ ಅಲ್ಲಿಯವರೆಗೆ ಬರುತ್ತಿತ್ತು. ಇವತ್ತು ಸರ್ ಎದುರಿಗೆ ಎತ್ತರ ಅಳೆದು ಚಿಪ್ಪು ತೆಗೆದು ಅದರ ವಯಸ್ಸು ನೋಡಲು ಕಳಿಸಬೇಕಿತ್ತು. ಫೋಟೋ ಇದೆ, ಆದರೆ ಫೋಟೋಕ್ಕೆ ವಯಸ್ಸು ಹೇಳಲು ಬರುವುದಿಲ್ಲ. ಮೂರು ವರ್ಷದ ಕೆಲಸ ಅಲ್ಲಿಗೆ ಕುಂಟುತ್ತದೆ.

ಯಮನೂರಪ್ಪ ತನ್ನ ಕೈ ನೋಡಿಕೊಂಡ. ನದಿ ಎಷ್ಟೋ ಕಾಲದಿಂದ ಬರೆದಿಟ್ಟದ್ದನ್ನು ಒಂದೇ ಸಂಜೆ ಅಳಿಸಿದ ಕೈ. ಓದು ಬಾರದಿದ್ದರೆ ಅಂಕಿಗೆ ಹೆದರಿ ದೂರವಾದರೂ ಉಳಿಯುತ್ತಿದ್ದ.

ತಲೆ ಎತ್ತಲು ನಾಚಿಕೆಯಾಗಿ ಮೆಟ್ಟಿಲನ್ನೇ ನೋಡುತ್ತ ನಿಂತ. ನೋಡುತ್ತ ನೋಡುತ್ತ ಅಪ್ಪನ ಒಂಟಿಕಣ್ಣು ಅವನಿಗೆ ಬಂದಂತಾಯಿತು. ಮೇಲಿನಿಂದ ಎರಡನೆಯ ಮೆಟ್ಟಿಲ ಎಡಮೂಲೆಯಲ್ಲಿ ಒಂದು ಕಲ್ಲು ಇರಲಿಲ್ಲ. ಅಂಥದ್ದೇ ಅಳತೆಯ ಒಂದು ಕಲ್ಲು ಕೆಳಗೆ ಕೆಸರಿನಲ್ಲಿ ಓರೆಯಾಗಿ ಬಿದ್ದದ್ದನ್ನು ನಿನ್ನೆ ಕಂಡಿದ್ದ; ಕೈಗೆಟುಕಲಿಲ್ಲವೆಂದು ತೊಳೆಯದೆ ಬಿಟ್ಟಿದ್ದ.

ಮೊಣಕಾಲುದ್ದ ಕೆಸರಿಗಿಳಿದು ಕಲ್ಲನ್ನು ಬೆರಳಿನಿಂದ ಸವರಿದ. “ಬಾಯಾರ! ಇದರ ಮ್ಯಾಲೆ ಚಿಪ್ಪು ಅದಾವ!”

“ಬಿದ್ದ ಮ್ಯಾಲೆ ಬೆಳದಿದ್ರ ಉಪಯೋಗ ಇಲ್ರಿ, ಕಾಕಾ.”

“ಬಿದ್ದ ಮ್ಯಾಲೆ ಅಲ್ರಿ. ಮ್ಯಾಲಿನ ಕಲ್ಲು ಕುಂತಿದ್ದ ಜಾಗಾ ನಾಕು ಬಟ್ಟಿನಷ್ಟು ಬರೇ ಐತಿ, ಗೆರಿ ಹೊಡದಂಗ. ಮುಂದಿನ ಮೈಮ್ಯಾಲೆ ಅಷ್ಟ ಚಿಪ್ಪು. ಮೆಟ್ಟಲದಾಗ ಕುಂತಾಗ ಬೆಳದಾವ ಅಂದಂಗಾತು. ಕಲ್ಲು ಅದರ ಜಾಗಾಕ್ಕ ನಾ ಕುಂದರಸ್ತೇನಿ, ಎತ್ತರ ನೀವು ಅಳೀರಿ.”

ಗೀತಾಂಜಲಿ ಚಪ್ಪಲಿ ಬಿಟ್ಟು ಕೆಸರಿಗಿಳಿದಳು. ಬಾಗಿ ಆ ಬರಿ ಪಟ್ಟಿಯನ್ನು ಎರಡು ಸಲ ನೋಡಿದಳು. ಮುಖಕ್ಕೆ ಕಳೆ ಬಂತು. ಅಷ್ಟರಲ್ಲಿ ಉಬ್ಬರದ ನೀರು ಕಾಂಡ್ಲಾ ಬೇರು ಮುಟ್ಟಿತ್ತು. ಯಮನೂರಪ್ಪ ಹಾರೆಯನ್ನು ಕಲ್ಲಿನಡಿ ತೂರಿಸಿ, ತನ್ನ ರುಮಾಲು ಬಿಚ್ಚಿ ಚಿಪ್ಪಿನ ಮೈಗೆ ಸುತ್ತಿದ. ಅರವತ್ಮೂರು ವರ್ಷದ ಸೊಂಟ ಮೊದಲ ಮೀಟಿಗೇ ಗೊಣಗಿತು. ಅವಳು ತಂಡದವರು ಕೆಳಗೆ ಕಟ್ಟಿದ್ದ ದೋಣಿಯ ಕಡೆ ತಿರುಗಿದಳು: “ತಡೀರಿ ಕಾಕಾ, ಅಲ್ಲಿ ನಾಕು ಮಂದಿ ಅದಾರ, ಹಗ್ಗ ಅದ, ಕರೀತೀನಿ.”

“ಬ್ಯಾಡ್ರಿ ಬಾಯಾರ, ಯಾರನ್ನೂ ಕರೀಬ್ಯಾಡ್ರಿ. ಹಗ್ಗ ಹಚ್ಚಿದ್ರ ಉಳದ ಚಿಪ್ಪೂ ಉದುರ್ತಾವ. ಕೆಡಸೂ ಮುಂದ ನಾ ಯಾರ ಸಹಾಯಾನೂ ಕೇಳಿಲ್ಲ, ಈಗ್ಯಾಕ ಕೇಳ್ಲಿ? ನೀವು ದಂಡಿಗೆ ಹೋಗಿ ನಿಂದರ್ರಿ. ಆ ತಂತಿ ಬ್ರಶ್ ಅಲ್ಲೇ ಬಿದ್ದೈತಿ, ನನ್ನ ಕೈಗೆ ಸಿಗದಂಗ ಅದನ್ನ ಹಿಡಕೋರಿ ಬೇಕಾದ್ರ. ಕಲ್ಲು ನಾ ತರ್ತೇನಿ.”