ಬೆನ್ನು ಮುಂದೆ, ಬಾಯಿ ಹಿಂದೆ

ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಎಳೆದು ಹರಿತಗೊಳಿಸುವುದನ್ನು ನೋಡುತ್ತ ನಿಂತವರು, ಸರದಿ ತಮ್ಮದಲ್ಲದಿದ್ದರೂ, ಒಮ್ಮೆ ತಮ್ಮ ಗಲ್ಲವನ್ನು ಸವರಿಕೊಳ್ಳುತ್ತಾರೆ, ಬೇಕಾದರೆ ಗಮನಿಸಿ. ತೊಂಬತ್ತರ ದಶಕದ ನಡುವಿನಲ್ಲಿ, ಶೀಳನೆರೆಯ ನಮ್ಮ ಜಗಲಿಯಲ್ಲಿ ನಾನಿದನ್ನು ಕಂಡುಕೊಂಡೆ. ಆಗ ಕತ್ತಿ ನನ್ನ ಕೈಯಲ್ಲಿತ್ತು. ಕೈ ಮಾತ್ರ ನನ್ನ ಹಿಡಿತದಲ್ಲಿರಲಿಲ್ಲ.

ಕೆ.ಆರ್. ಪೇಟೆಯ ಶಾಲೆಗೆ ಪಾಠ ಹೇಳಲು ನಾನು ಹೋಗುತ್ತಿದ್ದ ಬಸ್ಸು ಒಂದು ಬೆಳಿಗ್ಗೆ ಕಬ್ಬಿನ ಗದ್ದೆಗಿಳಿದು ಪಕ್ಕಕ್ಕೆ ಮಲಗಿತ್ತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ನನಗೆ ಮೊಣಕೈ ತರಚಿತು, ಅಷ್ಟೆ. ಆದರೆ ಅಂದಿನಿಂದ ಬಲಗೈ ನಡುಗತೊಡಗಿತು. ಕರಿಹಲಗೆಯ ಮೇಲೆ ನಾನೆಳೆದ ಸರಳರೇಖೆ ಹೇಮಾವತಿ ಹೊಳೆಯಂತೆ ಬಳುಕುತ್ತಿತ್ತು. ಡಾಕ್ಟರು ನರದ ದೋಷವಲ್ಲ, ಹೆದರಿಕೆ ಮಾತ್ರ ಎಂದರು, ಮಾತ್ರೆ ಕೊಡಲಿಲ್ಲ.

ಅದೇ ತಿಂಗಳು, ಅಪ್ಪನಿಗೆ ವರ್ಷಾನುಗಟ್ಟಲೆ ಕ್ಷೌರ ಮಾಡಿದ್ದ ನಿಂಗಣ್ಣನವರು ಕಣ್ಣು ಮಂಜಾಯಿತೆಂದು ಕತ್ತಿ ಕೆಳಗಿಟ್ಟರು. ಪೇಟೆಯ ಬ್ಲೇಡನ್ನು ಅಪ್ಪ ಒಲ್ಲೆಂದರು. ನಿಂಗಣ್ಣನವರ ಕತ್ತಿಯನ್ನೇ ತರಿಸಿ ನನ್ನ ಮುಂದಿಟ್ಟು, "ನಿನ್ ಕೈ ನಿಲ್ಲೋಗಂಟ ಗಡ್ಡ ಬುಟ್ಕೊಂಡಿರ್ತೀನಿ ಕಣ್ಲಾ. ನೀನೇ ಬೋಳ್ಸು" ಎಂದರು. ತಂದೆಯ ಕೊರಳು, ಮಗನ ನಡುಗುವ ಕೈ, ನಡುವೆ ಉಕ್ಕಿನ ಅಲಗು: ರೇಖಾಗಣಿತ ಕಲಿಸುವ ನಾನು ಇಂಥ ತ್ರಿಕೋನವನ್ನು ಎಂದೂ ಬಿಡಿಸಿರಲಿಲ್ಲ.

ಕತ್ತಿ ಮಸೆಯುವ ಹಳೆಯ ಪಟ್ಟಿ ಹರಿದಿತ್ತು. ಹೊಸದನ್ನು ಮಾಡುವ ನೆಪದಲ್ಲಿ ದಿನ ತಳ್ಳೋಣವೆಂದು ಅಟ್ಟದಿಂದ ಎತ್ತಿನ ಕೊರಳಪಟ್ಟಿಯೊಂದನ್ನು ಇಳಿಸಿದೆ. ಗೆಜ್ಜೆಯ ತೂತುಗಳಿದ್ದ ಭಾಗವನ್ನು ಕತ್ತರಿಸಿದ ಮೇಲೆ ಉಳಿದದ್ದು ಒಂದು ಮೊಳ ಉದ್ದ, ಮೂರು ಬೆರಳು ಅಗಲ. ಉಪ್ಪುಕಾಗದದಿಂದ ಉಜ್ಜಿ, ತುದಿಗೆ ಕಬ್ಬಿಣದ ಬಳೆ ಹೊಲಿದು ಕಂಬದ ಮೊಳೆಗೆ ಸಿಕ್ಕಿಸಿದೆ. ಚರ್ಮ ಮೆತ್ತಗಾಗಲೆಂದು ಬಟ್ಟಲು ತುಂಬ ಹರಳೆಣ್ಣೆ ಕುಡಿಸಿದೆ. ಮರುದಿನ ಕತ್ತಿ ಅದರ ಮೇಲೆ ಜಾರಿತೇ ಹೊರತು ಹಿಡಿಯಲಿಲ್ಲ.

ಕೋಲೂರಿಕೊಂಡು ಬಂದ ನಿಂಗಣ್ಣನವರು ಬೆರಳಲ್ಲಿ ಮುಟ್ಟಿ ನೋಡಿ, "ಇದೇನ್ ಗಾಡಿ ಚಕ್ರದ್ ಅಚ್ಚಾ ಮೇಷ್ಟ್ರೇ, ಎಣ್ಣೆ ಇಂಗ್ ಸುರಿಯಕ್ಕೆ? ರಾಗಿಹಿಟ್ಟು ಮೆತ್ತಿ, ಎಣ್ಣೆ ಈರ್ಕತದೆ. ಆಮೇಕೆ ಬರೀ ಅಂಗೈಲಿ ಉಜ್ಜಿ, ಬಿಸಿ ಏರೋಗಂಟ" ಎಂದರು. ಹಿಟ್ಟು ಮೆತ್ತುತ್ತಿದ್ದ ನನ್ನನ್ನು ನೋಡಿ ಹೆಂಡತಿ, "ಬೆಲ್ಟೂ ಮುದ್ದೆ ತಿನ್ನದು ಕಲೀತು ಬುಡಿ" ಎಂದಳು.

ನೆಲಕ್ಕೂ ಮುದ್ದೆಗೂ ಚರ್ಮಕ್ಕೂ ನಮ್ಮಲ್ಲಿರುವುದು ಒಂದೇ ಮಾತು, ಹದ. ದಿನವೂ ಶಾಲೆಯಿಂದ ಬಂದು ಉಜ್ಜಿದೆ. ಅಂಗೈಯ ಬೆವರೂ ಜಿಡ್ಡೂ ಸೇರಿ ಚರ್ಮಕ್ಕೆ ಮಂದವಾದ ಹೊಳಪು ಬಂತು. ಅನಂತರ ನಿಂಗಣ್ಣನವರಿಂದ ಕತ್ತಿ ಎಳೆಯುವ ಪಾಠ. "ಬೆನ್ನು ಮುಂದೆ, ಬಾಯಿ ಹಿಂದೆ. ಹರಿತದ್ ಬಾಯಿ ಮುಂದ್ಮಾಡುದ್ರೆ ಪಟ್ಟಿ ಕುಯ್ದೋಯ್ತದೆ." ಬಾಯಿಯಿಂದಲೇ ಸಂಬಳ ಪಡೆಯುವವನಿಗೆ ಇದು ಕಷ್ಟದ ಪಾಠವೇ. ಪಟ್ಟಿಗೆ ಮೂರು ಗಾಯಗಳಾದವು. ನಾಲ್ಕನೆಯದಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಕತ್ತಿ ಎಳೆಯುತ್ತಿದ್ದಾಗ ನಿಂಗಣ್ಣನವರು ತಲೆ ವಾಲಿಸಿ ಆಲಿಸಿದರು. "ಸದ್ದು ನೆಟ್ಟಗಾಯ್ತು. ಕೂತ್ಕಳಿ ಗೌಡ್ರೇ."

ಅಪ್ಪ ಕೂತರು. ನೊರೆ ಹಚ್ಚುವಾಗ ಕೈ ನಡುಗಿತು. ಕತ್ತಿ ಗಲ್ಲಕ್ಕೆ ತಾಗಿದ ಮೇಲೆ ನಡುಗಲಿಲ್ಲ. ಬಾಗಿಲಲ್ಲಿದ್ದ ಹೆಂಡತಿ ತನ್ನ ಕೆನ್ನೆ ಮುಟ್ಟಿಕೊಂಡಳು. ನಿಂಗಣ್ಣನವರ ಕೈಯೂ ಅವರ ಗಲ್ಲಕ್ಕೆ ಹೋಯಿತು. ಅಪ್ಪ ಮಾತ್ರ ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಕಿವಿಯ ಕೆಳಗೆ ಒಂದು ಕಡೆ ಸಣ್ಣಗೆ ರಕ್ತ ಜಿನುಗಿತು.

"ಪಟ್ಟಿಗೆ ಮೂರು, ನಂಗೊಂದೇ. ವಾಸಿ ಬುಡು" ಎಂದರು.

ಆಮೇಲೆ, ಎಲ್ಲ ಮುಗಿದ ಮೇಲೆ, ಗಲ್ಲ ಸವರಿಕೊಂಡರು. ನಿಧಾನವಾಗಿ, ಎರಡು ಸಲ.