ಬಿಸಿಲಿನ ನ್ಯಾಯ ಕೇಳಿದ ಚಂದಮ್ಮಕ್ಕ

ಚಂದಮ್ಮಕ್ಕನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕಲಬುರಗಿಯ ಕಪನೂರಿನ ದಾಲ್ ಮಿಲ್ಲಿನಲ್ಲಿ ಮಷೀನಿನ ಸಪ್ಪಳದ ನಡುವೆ ಅರ್ಧ ಆಯುಷ್ಯ ಕಳೆದವಳು. ಬಸ್ಸಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಗುಟ್ಟು ಹೇಳಿದರೆ ಮುಂದೆ ಕುಳಿತ ಡ್ರೈವರ್ ನಗುತ್ತಿದ್ದ. ಒಮ್ಮೆ ಶಹಾಬಜಾರದ ಒಂದು ಸಾವಿನ ಮನೆಯಲ್ಲಿ, "ಆ ಸೊಸಿ ಒಂದ್ ಹನಿ ಕಣ್ಣೀರ ಹಾಕವಲ್ಲಳು ನೋಡು" ಎಂದು ಪಿಸುಗುಟ್ಟಿದಳು. ಮರುಕ್ಷಣವೇ ಆ ಸೊಸೆ ಎದೆ ಬಡಿದುಕೊಂಡು ಅಳತೊಡಗಿದಳು.

ನಾನು ಅದೇ ಮಿಲ್ಲಿನ ಆಫೀಸಿನಲ್ಲಿ ಬಿಲ್ ಮಾಡುವ ಕೆಲಸದಲ್ಲಿದ್ದೆ. ತಗಡಿನ ಶೆಡ್ಡಿನಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುವ ಹೆಂಗಸರಲ್ಲಿ ಆಕೆಯೇ ಹಿರಿಯಳು. ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದಳು. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಸೆರಗಿನಲ್ಲಿ ನನಗೆಂದು ಊರಿನ ಕೆಂಪು ಬಾಳೆಹಣ್ಣು. "ತಿನ್ನು ತಂಗಿ, ಕಂಪ್ಯೂಟರ್ ಏನ್ ಹೊಟ್ಟಿ ತುಂಬಸ್ತದ?"

ಆಕೆಯ ಒಡಹುಟ್ಟಿದ ತಂಗಿ ಸುಭದ್ರಾ ಸರ್ಕಾರಿ ಕಚೇರಿಯೊಂದರಲ್ಲಿ ಜವಾನಳು. ಗಂಡ ತೀರಿಕೊಂಡ ಮೇಲೆ ಅವನ ನೌಕರಿ ಅವಳಿಗೆ ಬಂದಿತ್ತು. ಅಕ್ಕತಂಗಿಯರು ಇರುವುದು ಒಂದೇ ಮನೆಯಲ್ಲಿ. "ಒಂದೇ ಒಲಿ ಮ್ಯಾಲಿನ ರೊಟ್ಟಿ ತಿಂತೀವಿ. ಆಕಿಗೆ ಜ್ವರ ಬಂದ್ರ ರಜಾ, ನನಗ ಜ್ವರ ಬಂದ್ರ ಕೂಲಿ ಖೋತಾ" ಎನ್ನುತ್ತಿದ್ದಳು.

"ಹೊಟ್ಟೆಕಿಚ್ಚೇನಕ್ಕಾ?" ಎಂದು ಚೇಷ್ಟೆ ಮಾಡಿದೆ ಒಂದು ಸಲ. ನಿಜಕ್ಕೂ ಸಿಟ್ಟಾದಳು.

"ಹುಚ್ಚಿ! ಆಕಿ ಮೂಗಿನ ನತ್ತು ಕಸ್ಕೋರಿ ಅಂದೆನಾ? ಆಕಿದು ಆಕಿಗಿರ್ಲಿ. ನಂದೂ ಮೂಗೇ ಅದ ಅಂತೀನಿ, ಅಷ್ಟೇ."

ಬೇಸಿಗೆ ಬಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳ ಹೊತ್ತು ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಕಲಬುರಗಿಯ ಬಿಸಿಲು ಉಂಡವರು ಯಾರೂ ಅದನ್ನು ತಪ್ಪೆನ್ನಲಾರರು. ಆದರೆ ಆ ಆದೇಶ ಮಿಲ್ಲಿನ ಗೇಟು ದಾಟಿ ಒಳಗೆ ಬರುವುದಿಲ್ಲ. ಸುಭದ್ರಾ ಮನೆಗೆ ಬಂದು ಉಂಡು ಮಲಗುವ ಹೊತ್ತಿಗೆ ಚಂದಮ್ಮಕ್ಕ ಕಾದ ತಗಡಿನ ಕೆಳಗೆ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಜರಡಿ ಹಿಡಿಯುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ರೇಣುಕಾ ಎಂಬಾಕೆ ಜರಡಿಯ ಮೇಲೆಯೇ ಕುಸಿದು ಬಿದ್ದಳು. ಕಣ್ಣು ಮೇಲಾಗಿದ್ದವು. ಚಂದಮ್ಮಕ್ಕ ಅವಳನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ಜೀವ ಉಳಿಯಿತು. ಆದರೆ ವಾರದ ಬಟವಾಡೆಯಲ್ಲಿ ಇಬ್ಬರದೂ ಅರ್ಧ ದಿನದ ಕೂಲಿ ಕಡಿತವಾಗಿತ್ತು.

ಅಂದು ಆಕೆ ಕೂಗಾಡಲಿಲ್ಲ. ಮರುದಿನ ಊಟದ ಬಿಡುವಿಗೆ ಮೊದಲೇ ನನ್ನನ್ನು ಎಬ್ಬಿಸಿಕೊಂಡು ನಗರದ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಲು ಹೊರಟಳು. ಬಸ್ಸು ತಡವಾಗಿ, ನಾವು ತಲುಪಿದಾಗ ಅಧಿಕಾರಿ ಕಿಟಕಿ ಮುಚ್ಚುತ್ತಿದ್ದರು. ಚಂದಮ್ಮಕ್ಕ ಬಾಯಿ ತೆರೆದದ್ದೇ ತಡ, "ಸ್ವಲ್ಪ ಮೆತ್ತಗ ಮಾತಾಡ್ರಿ" ಎಂದರು.

"ಮೆತ್ತಗೇ ಮಾತಾಡಾಕತ್ತೀನ್ರೀ ಸಾಹೇಬ್ರ. ಜೋರ್ ಮಾಡಿದ್ರ ಛತ್ತ್ ಹಾರ್ತದ."

ಅವರು ಚಾವಣಿಯತ್ತ ನೋಡಿ ನಕ್ಕರು. ಕೆಟ್ಟ ಮನುಷ್ಯರೇನಲ್ಲ. ಟೈಮಾಗಿದೆ, ನಾಳೆ ಬರ್ರಿ, ತಪಾಸಣೆಗೆ ಬರೆಯುತ್ತೇನೆ, ಒಂದಿಷ್ಟು ದಿನ ಹಿಡಿಯುತ್ತದೆ ಎಂದು ಸಮಾಧಾನ ಹೇಳಿದರು.

"ಮನಿಗೆ ಹೋಗ್ರಿ, ಉಣ್ರಿ, ತಂಪಿನ್ಯಾಗ ಮಲಗ್ರಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಿಮಗ ಹತ್ತೋ ಬಿಸಿಲು ನಮಗ ಹತ್ತಂಗಿಲ್ಲಂತ ಯಾರ್ ಬರದಾರ್ರೀ?"

ಸಾಹೇಬರು ಬಾಗಿಲಿಗೆ ಬೀಗ ಹಾಕಿದರು. ಮೆಟ್ಟಿಲಿಳಿಯುತ್ತ ಆಕೆ ನನಗೆ ಹೇಳಿದಳು: "ಇವರು ಬರೋತನಕ ಬಿಸಿಲು ಕಾಯಂಗಿಲ್ಲ ತಂಗಿ."

ಮರುದಿನ ಗಡಿಯಾರ ಒಂದೂವರೆ ತೋರಿಸಿದಾಗ ಚಂದಮ್ಮಕ್ಕ ಉಡಿ ಝಾಡಿಸಿ ಎದ್ದಳು. ಹಿಂದೆಯೇ ಎಲ್ಲ ಹೆಂಗಸರೂ ಎದ್ದರು. ಹೊರಗೆ ಬಂದು ಬೇವಿನ ಗಿಡದ ನೆರಳಿಗೆ ಕುಳಿತರು. ಮ್ಯಾನೇಜರು ಗದರಿದರು, ಬೇಡಿಕೊಂಡರು, ಕಡೆಗೆ ಮಾಲಕರಿಗೆ ಫೋನ್ ಮಾಡಿದರು. ಮಾಲಕರ ಕಾರು ಬಂತು.

"ಇದು ಸರ್ಕಾರಿ ಆಫೀಸಲ್ಲವ್ವಾ. ಮಾಲ್ ಹೋಗದಿದ್ರ ಕೂಲಿ ಎಲ್ಲಿಂದ ಕೊಡ್ಲಿ?"

"ನಸುಕಿನ್ಯಾಗ ಆರಕ್ಕ ಬರ್ತೀವಿ. ಸಂಜಿ ತಂಪಾದ ಮ್ಯಾಲ ಮತ್ತ ಕುಂದರ್ತೀವಿ. ಮಾಲ್ ಬರೋಬ್ಬರಿ ಹೋಗ್ತದ. ಸುಡೋ ಹೊತ್ತಿನ್ಯಾಗ ಅಷ್ಟೇ ಒಲ್ಲೆವು."

"ಆಗಂಗಿಲ್ಲ ಅಂದ್ರ?"

"ಆ ಮಾತು ಶೆಡ್ಡಿನ್ಯಾಗ ಕುಂತು ಹೇಳ್ರಿ ಮಾಲಕ್ರ. ಬರ್ರಿ, ನನ್ನ ಜಾಗಾ ಖಾಲಿ ಅದ."

ಅಷ್ಟು ಮಂದಿಯ ಎದುರು ಒಲ್ಲೆ ಎನ್ನಲು ಅವರಿಗೆ ಮುಜುಗರವಾಗಿರಬೇಕು. ಶೆಡ್ಡಿನೊಳಗೆ ಹೋಗಿ ಆಕೆಯ ಜಾಗದಲ್ಲಿ ಕುಳಿತರು. ಆಫೀಸಿನ ಕಿಟಕಿಯಿಂದ ನಾನು ನೋಡುತ್ತಲೇ ಇದ್ದೆ. ಅವರಿಗೆ ಬಹಳ ಹೊತ್ತು ಕೂರಲಾಗಲಿಲ್ಲ. ಕತ್ತು ಒರೆಸಿಕೊಳ್ಳುತ್ತ ಹೊರಬಂದು, ಯಾರ ಮುಖವನ್ನೂ ನೋಡದೆ ಕಾರು ಹತ್ತಿದರು. ಗಾಜಿಳಿಸಿ, "ನಾಳಿಂದ ಆರಕ್ಕ ಬರ್ರಿ" ಎಂದರು. ಚಂದಮ್ಮಕ್ಕ ಕಾರಿನ ಬಾಗಿಲಿನ ಮೇಲೆ ಕೈಯಿಟ್ಟಳು.

"ರೇಣುಕಾನ ಕೂಲಿ?"

"ಕೊಡಸ್ತೀನಿ. ಕೈ ತಗಿ."

ಆ ನಸುಕಿಗೆ ಕಮಲಾಪುರದಿಂದ ಬಸ್ಸೇ ಇರಲಿಲ್ಲ. ಎಲ್ಲರಿಗೂ ನೆರಳು ಗಳಿಸಿಕೊಟ್ಟವಳು ಆ ಬೇಸಿಗೆಯಿಡೀ ಮನೆ ಬಿಟ್ಟು ಮಿಲ್ಲಿನ ಹತ್ತಿರವಿದ್ದ ರೇಣುಕಾಳ ಮನೆಯ ಪಡಸಾಲೆಯಲ್ಲಿ ಮಲಗಿದಳು.

ಮಳೆ ಶುರುವಾದ ಮೇಲೆ ಮ್ಯಾನೇಜರು ಆಕೆಯೊಬ್ಬಳನ್ನೇ ಕರೆದು, ಕೆಲಸ ಕಡಿಮೆಯಾಗಿದೆ, ಇನ್ನು ಬರುವುದು ಬೇಡ ಎಂದರು. "ಚಂದಮ್ಮನ ಬಾಯಿ ಜಾಸ್ತಿ ಆಗ್ಯಾದ ಅನ್ರಿ, ಒಪ್ಕೋತೀನಿ. ಕೆಲಸ ಕಡಿಮಿ ಆಗ್ಯಾದಂತ ಸುಳ್ಳ ಹೇಳಬ್ಯಾಡ್ರಿ" ಎಂದಳು. ಶೆಡ್ಡಿನ ಹೆಂಗಸರು ಸಿಟ್ಟಿನಿಂದ ಎದ್ದು ನಿಂತಿದ್ದರು. ಆಕೆಯೇ ಗದರಿಸಿ ಕೂರಿಸಿದಳು: "ಈಗ ಎದ್ರ ನಿಮ್ಮನ್ನೂ ಕಳಸ್ತಾರ. ಕುಂದರ್ರಿ. ಬರೋ ಬ್ಯಾಸಿಗಿಗೆ ಟೈಮ್ ಮಾತ್ರ ಬಿಟ್ಟುಕೊಡಬ್ಯಾಡ್ರಿ." ಬುತ್ತಿಗಂಟು ಎತ್ತಿಕೊಂಡು ಗೇಟು ದಾಟಿದಳು. ತಿರುಗಿ ನೋಡಲಿಲ್ಲ.

ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ಮುಂದಿನ ಬೇಸಿಗೆಯಲ್ಲಿ, ಕಮಲಾಪುರದಲ್ಲಿ. ಒಂದು ಸರ್ಕಾರಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದಳು. "ಛತ್ತ್ ಸರ್ಕಾರದ್ದು ತಂಗಿ, ಛತ್ತಿನ ಕೆಳಗಿನ ನಾ ಗುತ್ತೇದಾರನಾಕಿ" ಎಂದು ಗಹಗಹಿಸಿ ನಕ್ಕಳು. ಮಿಲ್ಲಿನ ಸುದ್ದಿ ಹೇಳಿದೆ. ಮ್ಯಾನೇಜರು ಹಳೆಯ ಹೊತ್ತನ್ನೇ ಮತ್ತೆ ತರಲು ನೋಡಿದ್ದು, ರೇಣುಕಾ ಎಲ್ಲರಿಗಿಂತ ಮೊದಲು ಎದ್ದು ಬೇವಿನ ಗಿಡದ ಕೆಳಗೆ ಹೋಗಿ ಕುಳಿತಿದ್ದು.

"ರೇಣುಕಾ? ಆ ಮೆತ್ತನ್ನಾಕಿ?" ನಂಬಲಾರದೆ ಮತ್ತೆ ಕೇಳಿದಳು. ಕಣ್ಣು ತುಂಬಿ ಬಂದವು. ಹೊಗೆ ಎಂದು ಒರೆಸಿಕೊಂಡಳು. ಅಲ್ಲಿ ಗ್ಯಾಸ್ ಒಲೆ ಇತ್ತು.

ನನ್ನ ಕೈಗೆ ಚಹಾ ಕೊಟ್ಟು, ಉಳಿದ ಅಡುಗೆಯವರನ್ನು ಕರೆದಳು. ಅಲ್ಲಿಯ ಕಾಯಂ ನೌಕರರಿಗೆ ವಾರಕ್ಕೊಂದು ರಜೆಯಿತ್ತು, ಗುತ್ತಿಗೆಯ ಮೇಲಿದ್ದ ಇವರಿಗಿರಲಿಲ್ಲ. ಇವತ್ತು ವಾರ್ಡನ್‌ರನ್ನು ಕೇಳುವುದೆಂದು ಎಲ್ಲರೂ ಮಾತಾಡಿಕೊಂಡಿದ್ದರು.

"ಮತ್ತ ಇದೂ ಹೋದ್ರ?" ಎಂದೆ.

"ಹೋದ್ರ ಮತ್ತೊಂದ್ ಕಡಿ. ಅಲ್ಲೀನೂ ಕೇಳೋದು ಇದ್ದೇ ಇರ್ತದಲ್ಲ? ನೀ ಚಾ ಕುಡಿ, ಆರ್ತದ."

ಸೆರಗಿಗೆ ಕೈ ಒರೆಸಿಕೊಳ್ಳುತ್ತ ವಾರ್ಡನ್ ಕೋಣೆಯ ಕಡೆ ನಡೆದಳು. ಅಡುಗೆಯವರೆಲ್ಲ ಒಲೆ ಆರಿಸಿ ಆಕೆಯ ಹಿಂದೆ ಹೊರಟರು.