ಬಜ್ಜಿಯ ಅನುಪಾನ

ಶಿವದೇವಿಯವರನ್ನು ಹೈದರಾಬಾದಿನ ಬಾಲಾನಗರದಲ್ಲಿ ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವರು ನರ್ಸ್ ಆಗಿದ್ದ ಕಾರ್ಖಾನೆಯಲ್ಲೇ ಸ್ಟೋರ್‌ಕೀಪರ್ ಆಗಿದ್ದ ಅವರ ಯಜಮಾನರು ಅಮರೇಶಪ್ಪನವರೂ ನಾಲ್ಕು ಜನರೆದುರು ಹಾಗೆಯೇ ಕರೆಯಬೇಕಾಗುತ್ತಿತ್ತು. ಹೆಂಡತಿಯನ್ನು ಸಿಸ್ಟರ್ ಎಂದು ಕರೆದೂ ಸಂಸಾರ ಕೆಡಿಸಿಕೊಳ್ಳದ ಗಂಡಸು ಎಂದು ಅವರಿಗೆ ಹೆಸರಿತ್ತು. ಕಾನ್ವೆಂಟಿನಲ್ಲಿ ಓದಿದ ನನ್ನಂಥವರಿಗೆ ಸಿಸ್ಟರ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅಂಗೈ ತಾನಾಗಿ ಏಟಿಗೆ ಮುಂದಾಗುತ್ತದೆ. ಶಿವದೇವಿಯವರ ಮುಂದೆ ಚಾಚಿದ ಅಂಗೈ ಮೇಲೆ ಬೀಳುತ್ತಿದ್ದುದು ಗುಳಿಗೆ. ಕೆಲವರಿಗೆ ಏಟೇ ವಾಸಿ ಎನ್ನಿಸುತ್ತಿತ್ತು.

ಊರು ಲಿಂಗಸುಗೂರಿನ ಕಡೆ. ತಂದೆ ಶಿವಶರಣಪ್ಪ ಅಲ್ಲಿ ಕಂಪೌಂಡರ್ ಆಗಿದ್ದರು. ಮಗಳು ಹೈದರಾಬಾದಿಗೆ ಬಂದು ನರ್ಸಿಂಗ್ ಕಲಿತು, ವಿಮಾನದ ಉಪಕರಣ ತಯಾರಿಸುವ ಸರ್ಕಾರಿ ಕಾರ್ಖಾನೆಯ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಗೆ ಬರುತ್ತಿದ್ದ ರೋಗಗಳು ಎರಡು ಬಗೆ. ಯಂತ್ರಕ್ಕೆ ಸಿಕ್ಕಿದ ಬೆರಳು ಒಂದು, ರಜೆ ಸಿಗದ ಹೊಟ್ಟೆನೋವು ಇನ್ನೊಂದು. ಬೆರಳಿಗೆ ಪಟ್ಟಿ ಕಟ್ಟುತ್ತಿದ್ದರು. ಹೊಟ್ಟೆನೋವಿಗೆ ಅವರ ಹತ್ತಿರ ಬೇರೆಯೇ ಉಪಾಯವಿತ್ತು.

"ಸಿಸ್ಟರ್, ಹೊಟ್ಟಿ ಭಾಳ ನೋಯಾಕತ್ತೈತ್ರಿ," ಎಂದು ಫಿಟ್ಟರ್ ಮಲ್ಲಪ್ಪ ಬಾಗಿಕೊಂಡು ಬರುತ್ತಿದ್ದ.

"ಔಷಧ ಕೊಡ್ತೀನಿ ಮಲ್ಲಪ್ಪ. ಆದ್ರ ಪಥ್ಯ ಐತಿ. ಚಾ ಬ್ಯಾಡ, ಬೀಡಿ ಬ್ಯಾಡ, ಖಾರ ಬ್ಯಾಡ, ಐತವಾರದ ಮಟನ್ ಬ್ಯಾಡ."

"ಎಷ್ಟು ದಿನ್ರಿ?"

"ನೋವು ಹೋಗೋತನಾ."

ಮಲ್ಲಪ್ಪ ಸ್ವಲ್ಪ ಹೊತ್ತು ಗೋಡೆ ನೋಡುತ್ತ ನಿಂತು, "ಈಗ ಒಂಚೂರು ಇಳದಂಗಾತ್ರಿ," ಎಂದು ನೆಟ್ಟಗಾಗಿ ಹೊರಟುಬಿಡುತ್ತಿದ್ದ.

ಪಥ್ಯಕ್ಕೆ ಇಷ್ಟು ಬಲವಿದೆ ಎಂದು ಶಿವದೇವಿಯವರು ಕಲಿತದ್ದು ಹೀಗೆ. ನಿವೃತ್ತಿಗೆ ಇನ್ನೂ ಕಾಲವಿರುವಾಗಲೇ ಸ್ವಯಂನಿವೃತ್ತಿ ತೆಗೆದುಕೊಂಡು, ಕಾಯಿಲೆಯ ಮಕ್ಕಳ ಮನೆಮನೆಗೆ ಹೋಗುವ ಒಂದು ಸಣ್ಣ ತಂಡ ಸೇರಿದರು. ಇನ್ನು ನಮ್ಮಿಂದ ಆಗುವುದೇನೂ ಇಲ್ಲ ಎಂದು ದೊಡ್ಡ ಆಸ್ಪತ್ರೆಗಳು ಕಳಿಸಿಕೊಟ್ಟ ಮಕ್ಕಳು ಅವರು. ನೋವು, ವಾಂತಿ, ಹುಣ್ಣು, ನಿದ್ದೆ, ತಾಯಿಯ ಅಳು, ಇವನ್ನು ಮನೆಯಲ್ಲೇ ನೋಡಿಕೊಳ್ಳುವುದು ತಂಡದ ಕೆಲಸ. ವಾಸಿ ಮಾಡುವುದು ಅವರ ಕೆಲಸದಲ್ಲಿ ಸೇರಿರಲಿಲ್ಲ.

"ಇಷ್ಟು ವರ್ಷ ಸುಳ್ಳು ನೋವು ನೋಡಿದಿ. ಈಗ ಖರೇ ನೋವು ನೋಡಾಕ ಹೊಂಟಿ?" ಎಂದು ಅಮರೇಶಪ್ಪನವರು ಕೇಳಿದರಂತೆ.

"ಹೂನ್ರಿ. ಬದಲಾವಣಿ ಬೇಕಲ್ಲ."

ಮಣಿಕೊಂಡದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ವಾಚ್‌ಮನ್ ಅವರನ್ನು ಸೋಪು ಮಾರುವವರೆಂದು ತಿಳಿದು ಗೇಟಿನಲ್ಲೇ ನಿಲ್ಲಿಸುತ್ತಿದ್ದ. ಮಲ್ಕಾಜ್‌ಗಿರಿಯಲ್ಲಿ ಆ ತೊಂದರೆ ಇರಲಿಲ್ಲ. ಅಲ್ಲಿ ಯಾವ ಮನೆಗೆ ಹೋಗುತ್ತಿದ್ದೀರಿ ಎಂದು ಓಣಿಯೇ ಕೇಳುತ್ತಿತ್ತು, ಓಣಿಯೇ ಮನೆಯವರೆಗೆ ಬಿಟ್ಟು ಬರುತ್ತಿತ್ತು.

ಗೋದಾಳ ಮನೆ ಇದ್ದುದು ಅಲ್ಲಿಯೇ, ಸ್ಟೇಷನ್ನಿನ ಹಿಂದೆ. ಮುತ್ತಜ್ಜಿ ಗೋದಾಬಾಯಿಯ ಹೆಸರು ಹೊತ್ತ ನಾಲ್ಕನೇ ಕ್ಲಾಸಿನ ಹುಡುಗಿ. ಇಂಗ್ಲಿಷ್ ಮೀಡಿಯಂ ಗೆಳತಿಯರು ಅವಳನ್ನು ಗೋಡಾ, ಎಂದರೆ ತೆಲುಗಿನಲ್ಲಿ ಗೋಡೆ, ಎಂದೂ ಅಪ್ಪ ಗೋದಿ ಎಂದೂ ಕರೆಯುತ್ತಿದ್ದರು. ಗೋಡೆಗೂ ಗೋಧಿಗೂ ನಡುವೆ ಅವಳು ಆರಾಮವಾಗಿಯೇ ಬೆಳೆದಿದ್ದಳು. ಆಮೇಲೆ ರಕ್ತದ ಕ್ಯಾನ್ಸರ್ ಬಂತು, ಹೋಯಿತು, ಮತ್ತೆ ಬಂತು. ಅಪ್ಪ ಗುರುರಾಜ ಗೂಡ್ಸ್ ರೈಲಿನ ಗಾರ್ಡ್. ಯಾವಾಗ ಮನೆಯಲ್ಲಿರುತ್ತಾನೆ ಎನ್ನುವುದು ಗೂಡ್ಸ್ ರೈಲಿಗೂ ಗೊತ್ತಿರುತ್ತಿರಲಿಲ್ಲ. ಅಮ್ಮ ಸುಹಾಸಿನಿ ಶಾಲೆಯಲ್ಲಿ ಟೀಚರ್. ಹಗಲು ಮಗು ಅಜ್ಜಿಯ ಸುಪರ್ದಿಗೆ. ಅಜ್ಜಿ, ಗುರುರಾಜನ ತಾಯಿ ತುಳಸಾಬಾಯಿ. ಮಡಿ, ಜಪ, ಏಕಾದಶಿ ಯಾವುದನ್ನೂ ಬಿಟ್ಟವರಲ್ಲ.

ತಂಡದ ಮೊದಲ ಭೇಟಿಯ ದಿನ ಪ್ರತ್ಯೇಕ ತೆಲಂಗಾಣ ರಾಜ್ಯ ಕೇಳುವವರು ಬಂದ್ ಮಾಡಿದ್ದರು. ವ್ಯಾನ್ ಹೊರಡುವ ಹಾಗಿರಲಿಲ್ಲ. ಶಿವದೇವಿಯವರು ಡಾಕ್ಟರನ್ನು ತಮ್ಮ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಗಲ್ಲಿ ಗಲ್ಲಿ ತಿರುಗಿ ತಲುಪಿದರು. ಬಂದ್ ದಿನವೂ ಬಂದವರು ಎಂದು ಮನೆಯಲ್ಲಿ ಮರ್ಯಾದೆ ಹೆಚ್ಚಾಯಿತು, ಚಹಾಕ್ಕೆ ನೀರಿಟ್ಟರು. ಡಾಕ್ಟರ್ ಇನ್ನೂ ಮೀಸೆ ಸರಿಯಾಗಿ ಮೂಡದ ತೆಲುಗು ಹುಡುಗ. ನೋವಿಗೆ ಮಾರ್ಫಿನ್ ಸಿರಪ್ ಬರೆದ, ಹೊತ್ತಿಗೆ ಸರಿಯಾಗಿ ಕೊಡಬೇಕೆಂದ, ಎದ್ದು ನಿಂತು ನಗುತ್ತ ಒಂದು ಮಾತು ಸೇರಿಸಿದ.

"ಏಂ ಕಾವಾಲನ್ನಾ ತಿನನಿವ್ವಂಡಿ ಅಮ್ಮಾ. ಪಥ್ಯಂ ಏಮೀ ಲೇದು."

ಏನು ಬೇಕಾದರೂ ತಿನ್ನಲಿ, ಪಥ್ಯ ಏನೂ ಇಲ್ಲ. ಆತ ಸಂತೋಷದ ಸುದ್ದಿ ಎಂದೇ ಹೇಳಿದ್ದು. ತುಳಸಾಬಾಯಿ ಚಹಾದ ತಟ್ಟೆಯನ್ನು ಹಾಗೆಯೇ ಒಳಗೆ ವಾಪಸು ಒಯ್ದರು.

ಮುಂದಿನ ವಾರ ಶಿವದೇವಿಯವರು ಒಬ್ಬರೇ ಹೋದಾಗ ಸಿರಪ್ಪು ಚೆನ್ನಾಗಿ ಕೆಲಸ ಮಾಡಿತ್ತು. ಕಾಲಿನ ನೋವು ಇಳಿದು ಗೋದಾಳಿಗೆ ಜಗಳ ಕಾಯುವಷ್ಟು ಜೀವ ಬಂದಿತ್ತು.

"ಸಿಸ್ಟರ್ ಆಂಟಿ, ನಂಗ ಮಿರ್ಚಿ ಬಜ್ಜಿ ಬೇಕು. ಸ್ಟೇಷನ್ ಹತ್ರ ಬಂಡಿ ಅದಲ್ಲ, ಅದು. ಇಲ್ಲಿಗೆ ವಾಸನಿ ಬರ್ತದ, ಬಜ್ಜಿ ಬರೂದಿಲ್ಲ. ಅಜ್ಜಿ ಬರೇ ಗಂಜಿ ಹಾಕ್ತಾಳ. ಡಾಕ್ಟರ್ ಅಂಕಲ್ ಏನ ಬೇಕಾದ್ದು ತಿನ್ನು ಅಂದಿದ್ದು ನಾ ಕೇಳೀನಿ."

ಶಿವದೇವಿಯವರು ಅಡುಗೆಮನೆಯ ಹೊಸ್ತಿಲಿನಾಚೆ ನಿಂತು, ಮಡಿಗೆ ತಾಗದ ಹಾಗೆ, ಮಾತು ತೆಗೆದರು.

"ಅಮ್ಮಾವ್ರ, ಒಂದು ಬಜ್ಜಿ ತಿಂದ್ರ ಏನಾಗ್ತೈತ್ರಿ?"

ತುಳಸಾಬಾಯಿ ಗಂಜಿ ತಿರುವುವುದನ್ನು ನಿಲ್ಲಿಸಲಿಲ್ಲ. "ನಮ್ಮ ಮನಿಯವರಿಗೂ ಡಾಕ್ಟರು ಇದ ಮಾತು ಅಂದಿದ್ರು. ಏನ ಬೇಕಾದ್ದು ಕೊಡ್ರಿ, ಪಥ್ಯ ಇಲ್ಲ ಅಂತ. ಹೋಳಿಗಿ ಬೇಡಿದ್ರು, ಮಾಡಿ ಹಾಕಿದೆ. ಆ ವಾರ ದಾಟಲಿಲ್ಲ ಅವರು. ನಾ ಈ ಕೂಸಿನ ಪಥ್ಯ ಬಿಡಸಂಗಿಲ್ಲ ನೋಡ್ರಿ. ನೀವು ಹೇಳಿದ್ರೂ ಬಿಡಸಂಗಿಲ್ಲ."

ಅಲ್ಲಿ ಶಿವದೇವಿಯವರಿಗೆ ಎರಡು ದಾರಿ ಇದ್ದವು. ಕೂತು, ನಿಧಾನವಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಒಂದು; ತಂಡದ ತರಬೇತಿಯಲ್ಲಿ ಕಲಿಸಿದ್ದು ಅದೇ. ಇನ್ನೊಂದು ದವಾಖಾನೆಯ ದಾರಿ, ಮಲ್ಲಪ್ಪನ ಹೊಟ್ಟೆನೋವು ಕಲಿಸಿದ್ದು. ಅವರ ಬಾಯಿ ಕೈಗಿಂತ ಚುರುಕು.

"ಬಿಡಸಬ್ಯಾಡ್ರಿ. ಪಥ್ಯ ಐತಿ. ಆ ಹುಡುಗ ಡಾಕ್ಟರಗ ತಿಳಿದಿಲ್ಲ. ಈ ನೋವಿನ ಔಷಧಕ್ಕ ಅನುಪಾನ ಬೇಕ್ರಿ."

ಅನುಪಾನ ಎಂದ ಕೂಡಲೇ ಸೌಟು ನಿಂತಿತು. ಔಷಧದ ಜೊತೆ ಹೊಟ್ಟೆಗೆ ಹೋಗಬೇಕಾದ ಜೇನೋ ತುಪ್ಪವೋ ಹಾಲೋ, ಅದು ಅನುಪಾನ. ಅದು ತಪ್ಪಿದರೆ ಔಷಧವೇ ವಿಷವಾಗುತ್ತದೆ ಎಂದು ನಂಬಿದ ತಲೆಮಾರು ತುಳಸಾಬಾಯಿಯವರದು.

"ಏನು ಅನುಪಾನ?"

"ಕಡಲಿಹಿಟ್ಟಿಂದು. ಎಣ್ಣ್ಯಾಗ ಕರದಿದ್ದು. ಮಧ್ಯಾಹ್ನದ ಔಷಧದ ಮ್ಯಾಲೆ ಒಂದ, ಅದರ ಮ್ಯಾಲೆ ಎರಡು ಚಮಚ ಮೊಸರು."

"ಬಜ್ಜಿ ಅಂತೀರೇನು?"

"ಬಜ್ಜೀನ. ಬಂಡೀದು ನಡಿಯಂಗಿಲ್ಲ ಮತ್ತ. ಮನ್ಯಾಗ ಮಾಡಿದ್ದ ಆಗಬೇಕು."

ಈ ಕೊನೆಯ ನಿಯಮ ಎಲ್ಲವನ್ನೂ ಗೆದ್ದಿತು. ಇಷ್ಟು ಕಟ್ಟುನಿಟ್ಟಿನ ಪಥ್ಯ ಸುಳ್ಳಾಗಿರಲು ಸಾಧ್ಯವೇ ಇಲ್ಲ ಎನ್ನುವಂತೆ ತುಳಸಾಬಾಯಿ ಕಡಲೆಹಿಟ್ಟಿನ ಡಬ್ಬಿ ಇಳಿಸಿದರು. ಹೊರಡುವಾಗ ಗೇಟಿನ ಹತ್ತಿರ ಸುಹಾಸಿನಿ ಸಿಕ್ಕಳು, ಶಾಲೆಯಿಂದ ಬರುತ್ತಿದ್ದವಳು.

"ಸಿಸ್ಟರ್, ಏನೋ ಅನುಪಾನ ಅಂತ ಅತ್ತಿಯವರು ಫೋನ್ ಮಾಡಿದ್ರು. ಖರೇನ ಅದು?"

"ಮನಿಗೆ ಹೋಗಿ ಗೋದಾಳ ಮುಖ ನೋಡಿ ಹೇಳ್ರಿ."

ಸುಹಾಸಿನಿ ಮತ್ತೆ ಕೇಳಲಿಲ್ಲ. ಕೇಳಿದರೆ ಅದರ ಹಿಂದಿನ ಪ್ರಶ್ನೆಯನ್ನೂ ಕೇಳಬೇಕಾಗುತ್ತಿತ್ತು.

ವಾರಕ್ಕೂ ಹೆಚ್ಚು ಕಾಲ ಎಲ್ಲ ಸುಖವಾಗಿ ನಡೆಯಿತು. ಗೋದಾ ದಿನಾ ಅರ್ಧ ಬಜ್ಜಿ ತಿಂದು ಉಳಿದರ್ಧಕ್ಕೆ ಕೊಂಕು ತೆಗೆಯುತ್ತಿದ್ದಳು. ಅಜ್ಜಿಯ ಬಜ್ಜಿಯಲ್ಲಿ ಮೆಣಸಿನಕಾಯಿಯ ಬೀಜ ತೆಗೆದಿರುತ್ತಾರೆ, ಆದ್ದರಿಂದ ಅದು ಮಿರ್ಚಿಯಲ್ಲ ಎಂದು ಅವಳ ತಕರಾರು. ಶಿವದೇವಿಯವರು ತಮ್ಮ ಜಾಣತನಕ್ಕೆ ತಾವೇ ಬೀಗಿ, ಮನೆಯಲ್ಲಿ ಅಮರೇಶಪ್ಪನವರಿಗೂ ಹೇಳಿ, ಅವರಿಂದ "ಇನ್ನ ಚಾದ ಜೋಡಿ ನನಗೂ ಅನುಪಾನ ಬರಕೊಡು," ಎನ್ನಿಸಿಕೊಂಡರು.

ಆಮೇಲೆ ಏಕಾದಶಿ ಬಂತು.

ಅಂದು ಅವರ ಸರದಿ ಅಲ್ಲಿಗಿರಲಿಲ್ಲ. ಪಕ್ಕದ ಓಣಿಯಲ್ಲಿ ಬೇರೆ ಮಗುವನ್ನು ನೋಡಿ, ದಾರಿಯಲ್ಲೇ ಇದೆಯಲ್ಲ ಎಂದು ಮಧ್ಯಾಹ್ನ ಇಳಿಹೊತ್ತಿಗೆ ಹಣಿಕಿದರು. ಎಣ್ಣೆಯ ವಾಸನೆ ಇರಲಿಲ್ಲ. ತುಳಸಾಬಾಯಿ ಮಂಚದ ಬುಡದಲ್ಲಿ ಕೂತು ಮೊಮ್ಮಗಳ ಕಾಲು ಒತ್ತುತ್ತಿದ್ದರು. ಜಪಮಾಲೆ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಗೋದಾ ಗೋಡೆಯ ಕಡೆ ತಿರುಗಿ, ಚಾದರದ ಅಂಚನ್ನು ಹಲ್ಲಲ್ಲಿ ಕಚ್ಚಿ ಮಲಗಿದ್ದಳು. ಅಳುತ್ತಿರಲಿಲ್ಲ. ಸುಳ್ಳು ನೋವು ಕೂಗುತ್ತದೆ, ಖರೇ ನೋವಿಗೆ ಕೆಲವು ಸಲ ಅಷ್ಟು ಉಸಿರೂ ಇರುವುದಿಲ್ಲ ಎನ್ನುವುದು ಶಿವದೇವಿಯವರು ಹೊಸ ಕೆಲಸದಲ್ಲಿ ಕಲಿತ ಮೊದಲ ಪಾಠ.

"ಔಷಧ ಕೊಟ್ಟೀರಿ?"

"ಇವತ್ತ ಏಕಾದಶಿ ಅಲ್ಲೇನ್ರಿ," ಎಂದರು ತುಳಸಾಬಾಯಿ. ಬೆಳಗಿನಿಂದ ನೀರೂ ಕುಡಿಯದ ಗಂಟಲು. "ಕೂಸಿಗೆ ಹಾಲು ಹಣ್ಣು ಕೊಟ್ಟೀನಿ. ಆದ್ರ ಮನ್ಯಾಗ ಧಾನ್ಯ ಮುಟ್ಟೂ ಹಂಗಿಲ್ಲ, ಬಜ್ಜಿ ಎಲ್ಲಿಂದ ತರಲಿ? ಅನುಪಾನ ಇಲ್ಲದ ಔಷಧ ಕೊಟ್ಟು ವಿಷ ಆದ್ರ? ಮುಂಜಾನಿ ಸುಹಾಸಿನಿ ಕೊಟ್ಟು ಹೋಗ್ಯಾಳ. ಸಂಜೀತನಾ ಹೆಂಗರ ತಡೀತದ ಅಂತ ಕಾಲು ಒತ್ತಿಗೋತ ಕೂತೀನಿ."

ಈ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ತಪ್ಪು ಇದ್ದುದು ಅದಕ್ಕೂ ಮೊದಲು, ಅಡುಗೆಮನೆಯ ಹೊಸ್ತಿಲಿನಾಚೆ ನಿಂತು ಹೇಳಿದ ಮಾತಿನಲ್ಲಿ.

ಶಿವದೇವಿಯವರು ಸಿರಪ್ ಅಳೆದು ಗೋದಾಳ ಬಾಯಿಗೆ ಹಾಕಿದರು. ತುಳಸಾಬಾಯಿ ತಡೆಯಲು ಎತ್ತಿದ ಕೈ ನಡುವೆಯೇ ನಿಂತಿತು. ಮೂವರೂ ಕಾದರು. ಸ್ಟೇಷನ್ನಿನಲ್ಲಿ ಒಂದು ಲೋಕಲ್ ಬಂದು ನಿಂತು ಹೋಯಿತು, ಇನ್ನೊಂದು ಬಂತು. ಚಾದರದ ಅಂಚು ಹಲ್ಲಿನಿಂದ ಮೆಲ್ಲಗೆ ಬಿಟ್ಟುಕೊಂಡಿತು.

"ಬಜ್ಜಿ ಇಲ್ಲದ ಕೊಟ್ರಿ?" ಗೋದಾಳ ದನಿ ಗೋಡೆಯಿಂದ ಬಂದಂತೆ ಬಂತು. "ಏನೂ ಆಗೂದಿಲ್ಲ?"

"ಏನೂ ಆಗಂಗಿಲ್ಲವ್ವ."

"ಅಂದ್ರ ಇನ್ನ ಬಜ್ಜಿ ಬಂದ್?"

ಅವಳ ಚಿಂತೆ ಅದು. ಶಿವದೇವಿಯವರು ತುಳಸಾಬಾಯಿಯವರನ್ನು ಹೊರಗಿನ ಕೋಣೆಗೆ ಕರೆದರು.

"ಅಮ್ಮಾವ್ರ, ಅನುಪಾನ ಸುಳ್ಳು. ನಾ ಕಟ್ಟಿದ್ದು. ಕೂಸಿಗೆ ಬಜ್ಜಿ ಸಿಗಲಿ ಅಂತ ಹೇಳಿದೆ, ಅದಕ್ಕ ಇವತ್ತ ಔಷಧ ತಪ್ಪಿತು. ನಿಮ್ಮ ತಪ್ಪಲ್ಲ, ನಂದು."

"ಹಂಗಾದ್ರ ಪಥ್ಯ?"

ತರಬೇತಿಯಲ್ಲಿ ಇಂಥ ಹೊತ್ತಿಗೆ ಬಳಸಲು ಮೆತ್ತಗಿನ ಮಾತುಗಳನ್ನು ಕಲಿಸಿದ್ದರು. ಅವು ಯಾವುವೂ ಕನ್ನಡದಲ್ಲಿ ಇರಲಿಲ್ಲ.

"ಪಥ್ಯ ಇಲ್ರಿ," ಎಂದರು ಶಿವದೇವಿ.

ತುಳಸಾಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಮ್ಮ ಮನಿಯವರಿಗೆ ಅಂದ ಹಂಗ?"

"ಹೂನ್ರಿ. ಹಂಗ."

"ಸುಹಾಸಿನಿಗೆ ಗೊತ್ತದ?"

"ಗೊತ್ತಿರಬೇಕು. ನೀವು ಕೇಳಿಲ್ಲ, ಅವರು ಹೇಳಿಲ್ಲ."

"ಔಷಧ? ಅದಾದರೂ ಖರೇ ಅದನೋ, ಅದೂ ನೀವ ಕಟ್ಟಿದ್ದೋ?"

"ಔಷಧ ಖರೇ. ಹೊತ್ತಿಗೆ ಸರಿಯಾಗಿ ಕೊಟ್ರ ಹುಡುಗಿ ನೋವು ಇಲ್ದ ಇರ್ತಾಳ. ಇನ್ನ ನಮ್ಮ ಕೈಯಾಗ ಇರೋದು ಅಷ್ಟ."

ತುಳಸಾಬಾಯಿ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತರು. ಆಮೇಲೆ ಬೈದರು. ಸುಳ್ಳುಗಾರ್ತಿ ಎಂದರು, ಕೂಸಿನ ಜೀವದ ಜೊತೆ ಚೇಷ್ಟೆ ಎಂದರು, ನರ್ಸು ಆಗುವ ಬದಲು ಪುರಾಣ ಹೇಳಲು ಹೋಗಬೇಕಿತ್ತು ಎಂದರು. ಶಿವದೇವಿಯವರು ಅಷ್ಟನ್ನೂ ನಿಂತು ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ ತುಳಸಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದರು. ಡಬ್ಬಿಯ ಮುಚ್ಚಳದ ಸದ್ದಾಯಿತು. ಏಕಾದಶಿಯ ದಿನ ಆ ಮನೆಯಲ್ಲಿ, ಬಹುಶಃ ಆ ವಂಶದಲ್ಲೇ ಮೊದಲ ಸಲ, ಎಣ್ಣೆ ಕಾಯಿತು.

ಉಪವಾಸದವರು ರುಚಿ ನೋಡುವ ಹಾಗಿಲ್ಲ. ತಟ್ಟೆಯನ್ನು ಗೋದಾಳ ಮುಂದಿಟ್ಟು ತುಳಸಾಬಾಯಿ ಕಾದರು.

ಗೋದಾ ಒಂದು ತುದಿ ಕಚ್ಚಿ ಮುಖ ಸಿಂಡರಿಸಿದಳು. "ಅಜ್ಜೀ, ಉಪ್ಪೇ ಹಾಕಿಲ್ಲ! ಬಂಡಿಯವಂದ ಛಲೋ."

ಕಾಯಿಲೆ ಮರಳಿದಂದಿನಿಂದ ಆ ಮನೆಯಲ್ಲಿ ಯಾರೂ ಅವಳಿಗೆ ಗದರಿರಲಿಲ್ಲ.

"ಬಾಯಿ ನೋಡು ಈ ಹುಡುಗೀದು! ಸುಮ್ಮನ ತಿನ್ನು!" ಎಂದು ತುಳಸಾಬಾಯಿ ಗದರಿ, ಮತ್ತೆ ಸ್ನಾನಕ್ಕೆ ಹೋದರು.

ಶಿವದೇವಿಯವರು ಆ ತಂಡದಲ್ಲಿ ಇನ್ನೂ ಎಷ್ಟೋ ವರ್ಷ ದುಡಿದರು. ಪಥ್ಯ ಇದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದು ಹೇಳಿ, ಆ ಮನೆಯಲ್ಲಿ ಸ್ವಲ್ಪ ಹೊತ್ತು ಕೂತೇ ಬರುತ್ತಿದ್ದರು. ಬಾಯಿಯ ಚುರುಕು ಕಡಿಮೆಯಾಗಲಿಲ್ಲ. ಅಮರೇಶಪ್ಪನವರ ಚಹಾಕ್ಕೆ ಅನುಪಾನ ಮಾತ್ರ ಮಂಜೂರಾಗಲಿಲ್ಲ.

ಗೋದಾ ಆ ಯುಗಾದಿಯ ಬೇವುಬೆಲ್ಲ ತಿಂದಳು. ಮಾವಿನ ಹಣ್ಣಿಗೆ ಕಾಯಲಿಲ್ಲ. ನಡುವೆ ಮತ್ತೊಂದು ಏಕಾದಶಿ ಬಂದಿತ್ತು. ಅಂದು ಮಧ್ಯಾಹ್ನ ಶಿವದೇವಿಯವರು ಮಣಿಕೊಂಡದ ಯಾವುದೋ ಗೇಟಿನ ಮುಂದೆ ಸ್ಕೂಟಿ ನಿಲ್ಲಿಸಿ ಫೋನ್ ಮಾಡಿದರು.

"ಅಮ್ಮಾವ್ರ, ಔಷಧ ಕೊಟ್ರಿ?"

"ಕೊಟ್ಟೆ. ಹೊತ್ತಿಗೆ ಸರಿಯಾಗಿ ಕೊಟ್ಟೀನಿ."

"ಮತ್ತ?"

"ಮತ್ತೇನು. ಉಪ್ಪು ಜಾಸ್ತಿ ಆಗೇದಂತ."